ವಿಜಯಶೋಕ ಮೀಮಾಂಸೆ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿದನು. ತರುವಾಯದವರು ಶಾಂತವನ್ನು ಕೂಡಿಸಿದರು. ಇನ್ನು ಕೆಲವು ಉದಾರಿಗಳು ಭಕ್ತಿಗೂ ವಾತ್ಸಲ್ಯಕ್ಕೂ ಮಣೆ ಹಾಕಿದರು. ಆದರೆ ಈ ಮಹನೀಯರಲ್ಲಿ ಒಬ್ಬರಿಗೂ ನ್ಯೂಯಾರ್ಕ್ ಜೆಟ್ಸ್ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳ ಪರಿಚಯಭಾಗ್ಯ ಇಲ್ಲದೆ ಹೋದ ಕಾರಣ, ತಮ್ಮವರು ಗೆದ್ದರೆಂದೇ ಎದೆಬಡಿದುಕೊಳ್ಳುವ ಅಪೂರ್ವ ರಸವೊಂದು ಶಾಸ್ತ್ರದ ಗಣನೆಯಿಂದ ತಪ್ಪಿಹೋಯಿತು. ಆ ಲೋಪವನ್ನು ತುಂಬುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ವಿಭಾವ. ಅಮೆರಿಕದ ಈ ಆಟದಲ್ಲಿ, ವರ್ಷವಿಡೀ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ, ಕಾಲೇಜುಗಳಿಂದ ಹೊರಬರುವ ಆಟಗಾರರಲ್ಲಿ ಮೊತ್ತಮೊದಲ ಆಯ್ಕೆ ಸಲ್ಲತಕ್ಕುದೆಂಬ ಕಟ್ಟಳೆಯುಂಟು; ಡ್ರಾಫ್ಟ್ ಎಂದು ಅದರ ಹೆಸರು. ದಾನವು ದೀನನಿಗೇ ಸೇರಲೆಂಬ ಧರ್ಮಬುದ್ಧಿಯಿಂದ ಹುಟ್ಟಿದ ಈ ಕಟ್ಟಳೆಯು ದೈನ್ಯವನ್ನೇ ಒಂದು ಸಾಧನೆಯನ್ನಾಗಿಸಿತು. 2020ರಲ್ಲಿ ಆಲಂಬನವಾಗಿ ಒದಗಿದವನು ಕ್ಲೆಮ್ಸನ್ ವಿಶ್ವವಿದ್ಯಾನಿಲಯದ ಕ್ವಾರ್ಟರ್‌ಬ್ಯಾಕ್, ನೀಳ ಹೊಂಗೂದಲಿನ ಟ್ರೆವರ್ ಲಾರೆನ್ಸ್. 1969ರಲ್ಲಿ ಜೋ ನೇಮತ್‌ನು ಸೂಪರ್ ಬೌಲ್ ಗೆದ್ದುಕೊಟ್ಟ ಮೇಲೆ, ಚೆಂಡೆಸೆದು ಆಟವನ್ನು ನಡೆಸತಕ್ಕ ಅಂಥ ನಾಯಕನಿಗಾಗಿ ಬಾಯಾರಿದ್ದ ಭಕ್ತರು, ಟ್ರೆವರನಿಗಾಗಿ ಬೇಕೆಂದೇ ಸೋಲಿರೆಂಬ ಅರ್ಥದ ‘ಟ್ಯಾಂಕ್ ಫಾರ್ ಟ್ರೆವರ್’ ಮಂತ್ರವನ್ನು ಜಪಿಸಿದರು. ತಂಡವು ಮೊದಲ 13 ಪಂದ್ಯಗಳನ್ನೂ ಸೋತಿತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಸಿದ್ಧವಾಯಿತು.

ಡಿಸೆಂಬರ್ 20ರಂದು ಅನರ್ಥವು ಸಂಭವಿಸಿತು. ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರಿನ ಆಟದ ಕೊನೆಯ ಗಳಿಗೆಯಲ್ಲಿ, ಮೊಮ್ಮಕ್ಕಳಿಗೆ ಕಥೆ ಹೇಳುವ ವಯಸ್ಸೆಂದೇ ಆ ಕ್ರೀಡೆಯವರು ಬಗೆಯುವ 37ರ ಫ್ರ್ಯಾಂಕ್ ಗೋರ್ ಎಂಬಾತನು, ಚೆಂಡನ್ನು ಹಿಡಿದು ಎದೆಗವಚಿಕೊಂಡು ಎದುರಾಳಿಗಳಿಗೆ ಅದು ದಕ್ಕದಂತೆ ಮಾಡಿ, 23–20ರ ಗೆಲುವನ್ನು ಸ್ಥಿರಪಡಿಸಿದನು. ವೃದ್ಧನಿಗೆ ಯಾರೂ ಮಂತ್ರೋಪದೇಶ ಮಾಡಿರಲಿಲ್ಲವೆಂದು ತೋರುತ್ತದೆ.

ಇನ್ನು ಅನುಭಾವ. ಸಾಂಕ್ರಾಮಿಕದ ದೆಸೆಯಿಂದ ಕ್ರೀಡಾಂಗಣ ಬರಿದಾಗಿದ್ದುದರಿಂದ ಈ ರಸವು ಮನೆಯ ಸೋಫಾದ ಮೇಲೆಯೇ ಪ್ರಕಟವಾಗಬೇಕಾಯಿತು. ಅದರ ಪ್ರಧಾನ ಲಕ್ಷಣವಾದರೋ, ಹಸಿರಂಗಿಯ ಭಕ್ತನ ಬಲಗೈ ಅಭ್ಯಾಸಬಲದಿಂದ ಮೇಲೆದ್ದು, ಅರ್ಧದಾರಿಯಲ್ಲಿ ಡ್ರಾಫ್ಟಿನ ನೆನಪಾಗಿ ಸ್ತಂಭಿಸಿ, ಮೆಲ್ಲನೆ ಹಿಂದಲೆಯನ್ನು ಕೆರೆಯುವ ನೆಪದಲ್ಲಿ ಇಳಿಯುವುದು.

ಇದು ಕೇವಲ ಕರುಣವಲ್ಲವೇ ಎಂದು ಪೂರ್ವಪಕ್ಷಿಯು ಆಕ್ಷೇಪಿಸಿಯಾನು. ಅಲ್ಲ, ಕರುಣಕ್ಕೆ ಇದ್ದ ಇಷ್ಟವಸ್ತುವಿನ ನಾಶ ಬೇಕು, ಇಲ್ಲಿ ವಸ್ತುವು ಕೈಸೇರಿಯೇ ಇರಲಿಲ್ಲ. ಹಾಗಾದರೆ ಪೂರ್ವರಾಗದ ವಿಪ್ರಲಂಭ ಶೃಂಗಾರವಾಗಲಿ ಎಂದರೆ, ಅದು ಸ್ವಲ್ಪ ಹತ್ತಿರ ಬಂದೀತು. ಆದರೂ ವಿರಹಿಣಿಯ ತೌರಿನವರೇ ಪರಾಕ್ರಮ ತೋರಿ ವರನನ್ನು ಅಟ್ಟಿದ ದೃಷ್ಟಾಂತ ಯಾವ ಕಾವ್ಯದಲ್ಲಿಯೂ ನಮಗೆ ದೊರೆತಿಲ್ಲ. ಆದಕಾರಣ ಇದು ಸ್ವತಂತ್ರ ರಸವೆಂಬುದೇ ಸಿದ್ಧಾಂತ.

ಸಂಚಾರಿಭಾವಗಳಲ್ಲಿ ಸ್ಮೃತಿಯೇ ಬಲವತ್ತರವಾದುದು. 1983ರಲ್ಲಿ 24ನೆಯ ಸರದಿಯಲ್ಲಿ ಕೆನ್ ಓಬ್ರಯನ್‌ನನ್ನು ಆರಿಸಿದ ಜೆಟ್ಸ್, ಮೂರು ಸರದಿಗಳ ತರುವಾಯ ಮಯಾಮಿಯ ಪಾಲಾಗಿ ಮಹಾ ಕ್ವಾರ್ಟರ್‌ಬ್ಯಾಕ್ ಎನಿಸಿದ ಡ್ಯಾನ್ ಮರೀನೋನನ್ನು ಬಿಟ್ಟುಕೊಟ್ಟುದು. 1997ರಲ್ಲಿ ಮೊದಲ ಆಯ್ಕೆ ಕೈಯಲ್ಲಿದ್ದಾಗ, ಮುಂದೆ ಅಂಥದೇ ಕೀರ್ತಿ ಪಡೆದ ಪೇಟನ್ ಮ್ಯಾನಿಂಗ್‌ನು ಇನ್ನೊಂದು ವರ್ಷ ಕಾಲೇಜಿನಲ್ಲಿಯೇ ಇರುವೆನೆಂದುದು. ಇವೆಲ್ಲ ಆ ರಾತ್ರಿ ನಿದ್ರೆಗೆಟ್ಟ ಭಕ್ತನ ಕಣ್ಣೆದುರು ಸಾಲಾಗಿ ನಡೆದು ಹೋಗುತ್ತವೆ.

ಆಗ ಜೆಟ್ಸ್‌ಗೂ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್‌ಗೂ ಒಂದೊಂದೇ ಗೆಲುವಿದ್ದು, ದುರ್ಬಲರೊಡನೆ ಆಡಿಯೂ ಸೋತವನೇ ಹೆಚ್ಚು ದೀನನೆಂಬ ಸೂಕ್ಷ್ಮ ನ್ಯಾಯದಂತೆ ಅಗ್ರಪೂಜೆ ಜಾಗ್ವಾರ್ಸ್‌ಗೆ ಸಂದಿತು. ಸಾಲದುದಕ್ಕೆ ಮರುವಾರ ಜೆಟ್ಸ್ ಕ್ಲೀವ್‌ಲ್ಯಾಂಡನ್ನೂ ಸೋಲಿಸಿ ಗಾಯದ ಮೇಲೆ ಬರೆ ಎಳೆಯಿತು. 2021ರ ಏಪ್ರಿಲಿನಲ್ಲಿ ಲಾರೆನ್ಸ್ ಜ್ಯಾಕ್ಸನ್‌ವಿಲ್‌ಗೆ ಹೋದನು. ಎರಡನೆಯ ಸರದಿಯಲ್ಲಿ ಜೆಟ್ಸ್ ಆರಿಸಿಕೊಂಡ ಜ್ಯಾಕ್ ವಿಲ್ಸನ್‌ನನ್ನು 2024ರಲ್ಲಿ ಡೆನ್ವರ್‌ಗೆ ಸಾಗಹಾಕಲಾಯಿತು.