ನಿವೃತ್ತ ಜಾನುವಿನೊಡನೆ ಒಂದು ಗಳಿಗೆ

ದೊಡ್ಡವರನ್ನು ಸಂದರ್ಶಿಸುವ ಪದ್ಧತಿ ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ದೊಡ್ಡವರನ್ನು ಹೊತ್ತು ತಿರುಗಿದವರನ್ನು ಮಾತನಾಡಿಸಿದವರು ಮಾತ್ರ ವಿರಳ. ಮಂಜುಗಡ್ಡೆಯ ನೆಲದ ಮೇಲೆ ಉಕ್ಕಿನ ಅಲಗುಗಳನ್ನು ಮೆಟ್ಟಿ ಆಡುವ ಐಸ್ ಹಾಕಿಯಲ್ಲಿ, ರಕ್ಷಣಾ ಆಟಗಾರರ ಪೈಕಿ ಅಗ್ರಗಣ್ಯರೆಂದು ಹೆಸರಾದ ಕೆನಡಾದ ಬಾಬಿ ಆರ್ ಅವರ ಎಡಮಂಡಿಯನ್ನು ಕಾಣಬೇಕೆಂಬ ಹಂಬಲ ನನಗೆ ಹುಟ್ಟಿದ್ದು ಈ ಕಾರಣದಿಂದಲೇ. ಆ ಮಂಡಿಯ ಸ್ಥಾನದಲ್ಲಿ ಈಗ ಕೃತಕ ಕೀಲೊಂದು ವಿರಾಜಮಾನವಾಗಿದೆ. ವೈದ್ಯರು ತೆಗೆದುಹಾಕಿದ ಅಸ್ಥಿ ನಿನಗೆಲ್ಲಿ ಸಿಕ್ಕಿತು, ಯಾವ ಭಾಷೆಯಲ್ಲಿ ಮಾತನಾಡಿತು ಎಂದು ಕೇಳಬಯಸುವ ವಾಚಕರು, ವಿಕ್ರಮನ ಬೆನ್ನೇರಿದ ಬೇತಾಳವನ್ನು ಮೊದಲು ವಿಚಾರಿಸಿ ಆಮೇಲೆ ನನ್ನಲ್ಲಿಗೆ ಬರಬಹುದು.

ಮಂಡಿ ಕಂಬಳಿ ಹೊದ್ದು ಕುಳಿತಿತ್ತು. ಕಂಬಳಿ ಸರಿದಾಗ ಕಂಡ ಶಸ್ತ್ರಚಿಕಿತ್ಸೆಯ ಗಾಯದ ಗೆರೆಗಳು, ದೊಡ್ಡ ಜಂಕ್ಷನ್ನಿನ ರೈಲುಹಳಿಗಳಂತೆ, ಒಂದನ್ನೊಂದು ದಾಟಿ, ಕೂಡಿ, ಮತ್ತೆ ಕವಲೊಡೆದು ಹೋಗಿದ್ದವು.

ನಾನು: ನಮಸ್ಕಾರ. ತಮ್ಮನ್ನು ಮಂಡಿಯೆನ್ನಲೋ, ಮೊಣಕಾಲೆನ್ನಲೋ?

ಜಾನು: ಜಾನು ಎನ್ನಿ, ಸ್ವಾಮಿ, ಈ ವಯಸ್ಸಿನಲ್ಲಾದರೂ ಸಂಸ್ಕೃತದ ಗೌರವ ದೊರೆಯಲಿ. ನಿಮ್ಮ ಕವಿಗಳು ವೀರರನ್ನು ಆಜಾನುಬಾಹು ಎಂದು ಹೊಗಳುವರಂತೆ. ಹೊಗಳಿಕೆಯೆಲ್ಲ ಬಾಹುವಿಗೆ, ಅದು ಎಲ್ಲಿಯವರೆಗೆ ಬಂತೆಂದು ತೋರಿಸಲು ನೆಟ್ಟ ಮೈಲಿಗಲ್ಲು ನಾನು. ದುರ್ಯೋಧನನ ತೊಡೆ ಮುರಿದದ್ದಕ್ಕೆ ರನ್ನನಂಥ ಕವಿ ಒಂದು ಕಾವ್ಯವನ್ನೇ ಬರೆದ. ಅಲ್ಲಿಂದ ಒಂದು ಗೇಣು ಕೆಳಗಿದ್ದ ನಮ್ಮನ್ನು ಕೇಳಿದವರಿಲ್ಲ.

ನಾನು: ರಕ್ಷಣಾ ಆಟಗಾರನ ವೃತ್ತಿಯೆಂದರೇನೆಂದು ನಮ್ಮ ಓದುಗರಿಗೆ ತಿಳಿಸಬೇಕು.

ಜಾನು: ಬಾಗಿಲು ಕಾಯುವ ಉದ್ಯೋಗ. ಪಕ್ಷಕ್ಕೆ ಆರು ಜನ. ಗೋಲು ಕಾಯುವವನೊಬ್ಬ, ಮುನ್ನುಗ್ಗುವವರು ಮೂವರು, ಉಳಿದಿಬ್ಬರು ನಮ್ಮವರು. ಪಕ್ ಎಂಬ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆಯನ್ನು, ಅದು ಚೆಂಡಿನಂತೆ ಪುಟಿಯದಿರಲೆಂದು ಮೊದಲೇ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ ತಂದು ಆಡುತ್ತಾರೆ; ಬುದ್ಧಿಯುಳ್ಳ ಪ್ರಾಣಿಗಳೆಲ್ಲ ಅದರ ದಾರಿಯಿಂದ ಸರಿಯುವಾಗ, ಸ್ವಂತ ಇಚ್ಛೆಯಿಂದ ಅದಕ್ಕೆ ಅಡ್ಡಬೀಳುವುದು ನಮ್ಮವರ ಸ್ವಧರ್ಮ. ಹಿಂದಕ್ಕೆ ಜಾರುತ್ತ ಮುಂದೆ ಬರುವವನ ಎದೆಯನ್ನು ನೋಡುತ್ತಿರಬೇಕು. ಕೆಲಸ ಸರಿಯಾಗಿ ಸಾಗಿದ ದಿನ ಯಾರೂ ಗಮನಿಸರು. ತಪ್ಪಿದ ದಿನ ಊರೆಲ್ಲ ಗಮನಿಸುವುದು. ಒಟ್ಟಿನಲ್ಲಿ ಅಡುಗೆಯವರ ಬಾಳು.

ನಾನು: ಆದರೆ ತಮ್ಮ ಯಜಮಾನರನ್ನು ಎಲ್ಲರೂ ಗಮನಿಸಿದರಲ್ಲ?

ಜಾನು: ನನ್ನ ಅಹವಾಲು ಇರುವುದೇ ಅಲ್ಲಿ. ಬಾಗಿಲು ಕಾಯಲೆಂದು ನೇಮಿಸಿದ ಕಾವಲುಗಾರನು, ಬಂದ ಕಳ್ಳನ ಕೈಯಿಂದ ಗಂಟನ್ನು ಕಿತ್ತುಕೊಂಡು, ಅವನನ್ನು ಹಿಂದಿಕ್ಕಿ ಓಡಿ, ಅವನ ಮನೆಯನ್ನೇ ದೋಚಿ, ಅವನು ತಿರುಗಿ ಬರುವಷ್ಟರಲ್ಲಿ ತನ್ನ ಬಾಗಿಲಲ್ಲಿ ಏನೂ ಅರಿಯದವನಂತೆ ನಿಂತಿದ್ದರೆ, ಆ ಓಡಾಟದ ಭಾರವೆಲ್ಲ ಯಾರ ಮೇಲೆ ಬೀಳುತ್ತದೆ? 1970–71ರ ಋತುವಿನಲ್ಲಿ ನಮ್ಮವರು ಹೊಡೆದ ಗೋಲು 37, ಹೊಡೆಯಲು ನೆರವಾದದ್ದು 102. ನ್ಯಾಷನಲ್ ಹಾಕಿ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನಿಗೆ ಸಲ್ಲುವ ಬಹುಮಾನ 1970ರಲ್ಲೊಮ್ಮೆ, 1975ರಲ್ಲೊಮ್ಮೆ ಮನೆಗೆ ಬಂತು. ಅದಕ್ಕೆ ಮುಂಚಾಗಲಿ ಅನಂತರವಾಗಲಿ ಬೇರೆ ಯಾವ ಕಾವಲುಗಾರನೂ ಅದನ್ನು ಮುಟ್ಟಿಲ್ಲ. ಎಲ್ಲರೂ ಅವರ ವೇಗವನ್ನು ಕೊಂಡಾಡಿದರು. ವೇಗದಲ್ಲೇನಿದೆ, ಸ್ವಾಮಿ? ನೇರ ಓಡುವುದಕ್ಕೆ ತೊಡೆ ಸಾಕು. ಆ ವೇಗದಲ್ಲಿ ತಿರುಗುವುದಕ್ಕೆ ನಾನು ಬೇಕು. ಅಲಗಿನ ಒಂದಂಚು ಗಡ್ಡೆಯನ್ನು ಕಚ್ಚಿ ನಿಲ್ಲುತ್ತದೆ, ಮೈ ಇನ್ನೊಂದು ದಿಕ್ಕಿಗೆ ಹೊರಟಿರುತ್ತದೆ, ನಡುವೆ ನಾನು. ಪುಣ್ಯಾತ್ಮನೊಬ್ಬ ಪಕ್ಕದಿಂದ ಬಂದು ಗುದ್ದುವುದು ಸರಿಯಾಗಿ ಆ ಕ್ಷಣದಲ್ಲೇ.

ನಾನು: ಮೊದಲಿನಿಂದ ಹೇಳಿ.

ಜಾನು: ಒಂಟೇರಿಯೋ ಪ್ರಾಂತ್ಯದ ಪ್ಯಾರಿ ಸೌಂಡ್ ಎಂಬ ಪುಟ್ಟ ಊರು, 1948ರ ಜನನ. ಬಾಸ್ಟನ್ ಬ್ರೂಯಿನ್ಸ್ ತಂಡದವರು ಹದಿನಾಲ್ಕರ ಬಾಲಕನನ್ನು ತಮ್ಮವನೆಂದು ಬರೆಸಿಕೊಂಡರು. ಒಪ್ಪಂದದಲ್ಲಿ ತಂದೆತಾಯಿಯ ಮನೆಯ ಗೋಡೆಗೆ ಹೊಸ ಗಾರೆ ಮಾಡಿಸಿಕೊಡುವುದೂ ಸೇರಿತ್ತು. ನನ್ನ ಗಾರೆ ಉದುರಿದ ಮೇಲೆ ನನಗೊಮ್ಮೊಮ್ಮೆ ಆ ಗೋಡೆಯ ನೆನಪಾಗುತ್ತಿತ್ತು. 1966ರಲ್ಲಿ, ಹದಿನೆಂಟು ವಯಸ್ಸಿನಲ್ಲಿ, ದೊಡ್ಡವರ ನಡುವೆ ಆಡಲು ಇಳಿದರು. ಆ ಋತುವಿನ ಶ್ರೇಷ್ಠ ರಕ್ಷಣಾ ಆಟಗಾರನ ನಾರಿಸ್ ಪಾರಿತೋಷಕ ಹ್ಯಾರಿ ಹಾವೆಲ್ ಎಂಬ ಹಿರಿಯರಿಗೆ ಸಂದಿತು. ಇನ್ನು ಮುಂದೆ ಇದು ಬಹುಕಾಲ ಆ ಹುಡುಗನದೇ ಆಗುವುದೆಂಬ ಅರ್ಥದ ಮಾತನ್ನು ಆ ಮಹನೀಯರು ಅಂದೇ ಆಡಿದರು. ಮುಂದಿನ ಎಂಟು ವರ್ಷ ಸತತವಾಗಿ ಅದು ನಮ್ಮ ಮನೆಯಲ್ಲಿತ್ತು. ನನಗೆ ದೊರೆತ ಪಾರಿತೋಷಕಗಳು ನಿಮ್ಮ ಕಣ್ಣಮುಂದೆಯೇ ಇವೆ, ಎಣಿಸಿಕೊಳ್ಳಿ.

(ಎಣಿಸಲು ಹೊರಟೆ, ಹಳಿಗಳು ಒಂದರೊಳಗೊಂದು ಹೊಕ್ಕು ಲೆಕ್ಕ ತಪ್ಪಿತು. ಒಂದು ಡಜನ್ನಿಗೆ ಮೀರಿದ್ದವೆಂದು ಮಾತ್ರ ಹೇಳಬಲ್ಲೆ.)

ನಾನು: ವೈದ್ಯರು ಒಂದೇ ಸಲಕ್ಕೆ ಸರಿಪಡಿಸಲಿಲ್ಲವೇ?

ಜಾನು: ಅವರನ್ನು ದೂರಲೊಲ್ಲೆ. ಕೀಲಿನೊಳಗೆ ಅರ್ಧಚಂದ್ರಾಕೃತಿಯ ಎರಡು ಮೃದ್ವಸ್ಥಿಗಳಿರುತ್ತವೆ, ಎಲುಬು ಎಲುಬಿಗೆ ತಾಗದಂತೆ ನಡುವೆ ಹಾಸಿದ ಮೆತ್ತೆಗಳು. ಅವು ಹರಿದರೆ ಮಂಡಿಯನ್ನು ಸೀಳಿ ತೆಗೆದೆಸೆಯುವುದೇ ಆ ಕಾಲದ ಶಾಸ್ತ್ರ; ಸಣ್ಣ ರಂಧ್ರದಿಂದ ದುರ್ಬೀನು ತೂರಿಸಿ ರಿಪೇರಿ ಮಾಡುವ ಜಾಣತನ ಇನ್ನೂ ಬಳಕೆಗೆ ಬಂದಿರಲಿಲ್ಲ. ಮೆತ್ತೆ ತೆಗೆದ ಬಂಡಿಯ ಅಚ್ಚು ಏನಾಗುವುದೆಂದು ಯಾವ ಗಾಡಿಯವನನ್ನು ಕೇಳಿದರೂ ಹೇಳಿಯಾನು. 1972ರಲ್ಲಿ ಕೆನಡಾ ದೇಶವೇ ಉಸಿರು ಬಿಗಿಹಿಡಿದು ಸೋವಿಯತ್ ತಂಡದೊಡನೆ ಆಡಿದಾಗ ಯಜಮಾನರು ತಂಡದ ಜೊತೆ ಹೋಗಿ ಪ್ರೇಕ್ಷಕರಾಗಿ ಕುಳಿತರು. ಆ ಅಪರಾಧಕ್ಕೆ ಕಾರಣ ನಾನೇ.

ನಾನು: ಆದರೂ 1970ರ ಮೇ 10ರಂದು ತಾವೂ ಇದ್ದಿರಷ್ಟೆ?

ಜಾನು: ಇಲ್ಲದೆ ಹಾರುವುದು ಹೇಗೆ? ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ ಸ್ಟಾನ್ಲಿ ಕಪ್ಪಿನ ಅಂತಿಮ ಸರಣಿಯ ನಾಲ್ಕನೆಯ ಪಂದ್ಯ, ಸಮಸಮ ಸ್ಕೋರು, ಹೆಚ್ಚುವರಿ ಅವಧಿ ಮೊದಲಾಗಿ 40 ಸೆಕೆಂಡು. ನಮ್ಮವರು ಎಂದಿನಂತೆ ಬಾಗಿಲು ಬಿಟ್ಟು ಹೋಗಿ, ಜೊತೆಯಾಟಗಾರ ಸ್ಯಾಂಡರ್ಸನ್ ನೀಡಿದ ಪಕ್ಕನ್ನು ಗ್ಲೆನ್ ಹಾಲ್ ಎಂಬ ಮಹಾ ಗೋಲಿಯನ್ನು ದಾಟಿಸಿದರು. ಆ ಹೊತ್ತಿಗೆ ನೋಯಲ್ ಪಿಕಾರ್ ಎಂಬವರು ನಮ್ಮ ಕಾಲಿಗೆ ಕೋಲು ಸಿಕ್ಕಿಸಿ ಎಬ್ಬಿದರು. ಇಡೀ ದೇಹ ನೆಲಕ್ಕೆ ಸಮಾನಾಂತರವಾಗಿ, ಕೈಗಳನ್ನು ಚಾಚಿ, ಗಾಳಿಯಲ್ಲಿ ತೇಲಿತು. 29 ವರ್ಷಗಳ ಮೇಲೆ ಬಾಸ್ಟನ್ನಿಗೆ ಕಪ್ ದೊರೆಯಿತು. ರೇ ಲೂಸಿಯರ್ ಎಂಬ ಪತ್ರಿಕಾ ಛಾಯಾಗ್ರಾಹಕರು ಆ ತೇಲುವಿಕೆಯನ್ನು ಸೆರೆಹಿಡಿದರು. ನನ್ನ ಜೀವಮಾನದಲ್ಲಿ ಭಾರವಿಲ್ಲದೆ ಕಳೆದ ಸುಖದ ಕ್ಷಣ ಅದೊಂದೇ. ಅದೂ ಎದುರಾಳಿಯ ಕೃಪೆಯಿಂದ.

ನಾನು: ಅಂಥವರು ಬಾಸ್ಟನ್ನನ್ನು ಬಿಟ್ಟದ್ದೇಕೆ?

ಜಾನು: ಮೊಣಕಾಲಿಗೂ ಬೋಳುತಲೆಗೂ ಗಂಟು ಹಾಕುವುದೆಂದು ನೀವು ಗಾದೆಗೆ ಹೇಳುತ್ತೀರಿ, ನನ್ನನ್ನು ಹಣದ ಗಂಟಿಗೇ ಕಟ್ಟಿದರು. 1976ರಲ್ಲಿ ಒಪ್ಪಂದ ಮುಗಿಯುವ ಹೊತ್ತಿಗೆ ಬಾಸ್ಟನ್ನಿನವರು ತಂಡದ ಒಡೆತನದಲ್ಲಿ ಶೇಕಡಾ 18.5ರಷ್ಟು ಪಾಲನ್ನು ಕೊಡಲು ಮುಂದಾಗಿದ್ದರು. ಆ ಸುದ್ದಿ ತಮ್ಮ ಕಿವಿಗೆ ಬೀಳಲೇ ಇಲ್ಲವೆಂದು ಯಜಮಾನರು ಹೇಳುತ್ತಾರೆ. ಅವರ ಕಿವಿಯಾಗಿದ್ದವರು, ಅಣ್ಣನಂತೆ ನಂಬಿದ್ದ ಪ್ರತಿನಿಧಿ ಅಲನ್ ಈಗಲ್‌ಸನ್. ಆತ 1998ರಲ್ಲಿ ಬೇರೆ ವಂಚನೆಯ ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆ ಕಂಡರು. ನನ್ನೊಳಗಿನ ಬಿರುಕನ್ನು ಹುಡುಕಲು ಅಷ್ಟು ಮಂದಿ ವೈದ್ಯರು ಬಂದರು. ಆ ಕಡೆಯ ಬಿರುಕಿಗೆ ಒಬ್ಬರೂ ಚಿತ್ರ ತೆಗೆಯಲಿಲ್ಲ.

ನಾನು: ಬಾಸ್ಟನ್ ಬಿಟ್ಟು ಹೋದ ಷಿಕಾಗೋ ತಂಡದಲ್ಲಿ?

ಜಾನು: ಹೋಗುವ ಮುನ್ನ ಅದೇ ವರ್ಷ ಕೆನಡಾ ಕಪ್ಪಿನಲ್ಲಿ, ನಾನು ಬೇಡವೆನ್ನುತ್ತಿದ್ದರೂ ಕೇಳದೆ ಆಡಿ, ಪಂದ್ಯಾವಳಿಯ ಶ್ರೇಷ್ಠ ಆಟಗಾರರೆನಿಸಿಕೊಂಡರು. ನನ್ನಲ್ಲಿ ಉಳಿದಿದ್ದ ಎಣ್ಣೆ ಅಲ್ಲಿಗೆ ತೀರಿತು. ಷಿಕಾಗೋದಲ್ಲಿ ಒಟ್ಟು ಆಡಿದ್ದು 26 ಪಂದ್ಯ; ಒಂದು ಋತುವಂತೂ ಪೂರ್ತಿ ವ್ಯರ್ಥವಾಯಿತು. ಆಡುವುದಕ್ಕೆಂದು ಸಂಬಳ, ಆಡದೆ ಪಡೆಯಲಾರೆನೆಂದು ಅಲ್ಲಿಯ ಚೆಕ್ಕುಗಳನ್ನು ಯಜಮಾನರು ನಗದು ಮಾಡಿಕೊಳ್ಳಲೇ ಇಲ್ಲ. ನಾನು ರಜೆಯ ಮೇಲೆ ಹೋದದ್ದಕ್ಕೆ ಅವರ ಸಂಬಳ ಕಡಿತವಾದಂತಾಯಿತು; ಈ ಒಂದು ವಿಷಯದಲ್ಲಿ ನನಗೆ ನಾಚಿಕೆಯಿದೆ. 1978ರ ನವೆಂಬರಿನಲ್ಲಿ ನಿವೃತ್ತಿ. ಅವರಿಗಾಗ ಮೂವತ್ತು, ನನಗೆ ಎಪ್ಪತ್ತು ಎಂದು ಇಟ್ಟುಕೊಳ್ಳಿ. ಕಾಯುವ ನಿಯಮವನ್ನು ಸಡಿಲಿಸಿ ಮರುವರ್ಷವೇ ಅವರನ್ನು ಹಾಕಿಯ ಕೀರ್ತಿಮಂದಿರಕ್ಕೆ ಸೇರಿಸಿದರು. ಮೆಟ್ಟಿಲು ಹತ್ತಿಸಿದ್ದು ನಾನು.

ನಾನು: ತಮ್ಮ ಉತ್ತರಾಧಿಕಾರಿಯ ವಿಚಾರವಾಗಿ?

ಜಾನು: ಆ ಕೃತಕ ಕೀಲೇ? ಸಭ್ಯ, ಮಳೆಗಾಲದಲ್ಲೂ ಒಂದು ಮಾತಾಡುವುದಿಲ್ಲ. ಆದರೆ ಅವನಿಗೆ ಪ್ಯಾರಿ ಸೌಂಡಿನ ಚಳಿ ಗೊತ್ತಿಲ್ಲ.

ನಾನು: ಬಾಸ್ಟನ್ನಿನ ಕ್ರೀಡಾಂಗಣದ ಬಳಿ 2010ರಲ್ಲಿ ಆ ಹಾರಾಟದ ಕಂಚಿನ ವಿಗ್ರಹವನ್ನು ನಿಲ್ಲಿಸಿದ್ದಾರಲ್ಲ, ಅದರಲ್ಲಿ ತಾವೂ ಇರುವುದು ಸಮಾಧಾನದ ಸಂಗತಿಯಲ್ಲವೇ?

ಜಾನು: ಇದ್ದೇನೆ, ಸ್ವಾಮಿ. ಕಂಚಿನ ಕಾಲುಚೀಲದ ಒಳಗಿದ್ದೇನೆ.