ಟು-ಪೇ ಭಾವ

ಹಳೇ ಕಾರು ಸಾಕುವವರಲ್ಲಿ ಎರಡು ಜಾತಿ. ಮೊದಲನೆಯವರು ಭಾನುವಾರ ಬೆಳಿಗ್ಗೆ ಕಾರು ಒರೆಸಿ, ಕಪ್ಪು ಕನ್ನಡಕ ಹಾಕಿಕೊಂಡು ಊರು ಸುತ್ತಿ ಬರುತ್ತಾರೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ಎರಡನೆಯವರ ಕಾರು ಸದಾ ಇಟ್ಟಿಗೆಯ ಮೇಲೆ ನಿಂತಿರುತ್ತದೆ, ಓಡಾಡುವುದು ಅದರ ಬಿಡಿಭಾಗಗಳು ಮಾತ್ರ. ಬಾನೆಟ್ಟು ಕೊಯಮತ್ತೂರಿನಿಂದ, ಬಂಪರು ಪುಣೆಯಿಂದ, ಆಕ್ಸಲ್ಲು ಇನ್ನೆಲ್ಲಿಂದಲೋ. ಕಾರು ಓಡಿಸುವ ಆಸೆ ಇವರಿಗೆ ಎಂದೋ ಬತ್ತಿಹೋಗಿರುತ್ತದೆ. ಕಬ್ಬಿಣವನ್ನು ಅಗ್ಗದಲ್ಲಿ ತರಿಸುವ ಚಟ ಮಾತ್ರ ಉಳಿದಿರುತ್ತದೆ. ಇಂಥವರೊಬ್ಬರು ಬಂಧುಬಳಗದಲ್ಲಿ ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕರು. ಹೆಂಡತಿಯ ಅಕ್ಕನ ಗಂಡ, ಮೈಸೂರಿನವರು, ಒಂದು ಪ್ರೀಮಿಯರ್ ಪದ್ಮಿನಿಯ ಒಡೆಯರು.

ಈ ಜಾತಿಯವರನ್ನು ಮದುವೆಮನೆಯಲ್ಲಿ ಗುರುತಿಸುವುದು ಸುಲಭ. ಉಳಿದವರು ಹುಡುಗನ ಸಂಬಳ ವಿಚಾರಿಸುತ್ತಿದ್ದರೆ ಇವರು ಬೀಗರ ಕಡೆಯವರಿಗೆ ಮುಂಬೈಯಲ್ಲಿ ಯಾರಾದರೂ ಇದ್ದಾರೆಯೇ, ಇದ್ದರೆ ಊರಿಗೆ ಬರುವುದು ರೈಲಿನಲ್ಲೋ ಕಾರಿನಲ್ಲೋ ಎಂದು ವಿಚಾರಿಸುತ್ತಾರೆ. ಹೊಸ ಫ್ರಿಜ್ಜು ನೋಡಲು ಹೋಗಿ ಅದರ ಥರ್ಮೋಕೋಲು ಎತ್ತಿಕೊಂಡು ಬರುತ್ತಾರೆ. ಅಕ್ಕಿ ಖಾಲಿಯಾಗುವ ಮೊದಲೇ ಗೋಣಿಚೀಲದ ಮೇಲೆ ಹಕ್ಕು ಹೂಡುತ್ತಾರೆ.

ಕೊರಿಯರಿನ ಹೆಸರೆತ್ತಿದರೆ ಭಾವನವರಿಗೆ ರಕ್ತ ಕುದಿಯುತ್ತದೆ. ಕೊರಿಯರಿನವರಲ್ಲಿ ಬಹುಮಂದಿಯದು ಒಂದೇ ಲೆಕ್ಕ: ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 5000ದಿಂದ ಭಾಗಿಸಬೇಕು. ಬಂದ ಕಿಲೋ, ತಕ್ಕಡಿಯ ಕಿಲೋ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಬಂಪರಿನ ಡಬ್ಬ ಉದ್ದ 150, ಅಗಲ 25, ಎತ್ತರ 25. ತಕ್ಕಡಿ ಹೇಳಿದ್ದು 7 ಕಿಲೋ, ಲೆಕ್ಕ ಹೇಳಿದ್ದು ಹದಿನೆಂಟು ಮುಕ್ಕಾಲು. "ಹನ್ನೊಂದು ಮುಕ್ಕಾಲು ಕಿಲೋ ಗಾಳಿಗೆ ನಾನು ಬಾಡಿಗೆ ಕಟ್ಬೇಕೇನಯ್ಯಾ?" ಎಂದು ನನ್ನ ಮೇಲೆ ಹರಿಹಾಯ್ದರು, ಸೂತ್ರ ನಾನೇ ಬರೆದೆನೋ ಎಂಬಂತೆ. ಆಮೇಲೆ ಅವರಿಗೇ ಹೊಳೆಯಿತು: ಬಾಡಿಗೆ ಕೊಟ್ಟ ಮೇಲೆ ಜಾಗ ನಮ್ಮದು. ಕಳಿಸುವವನಿಗೆ ಹೇಳಿ ಆ ಗಾಳಿಯಿದ್ದ ಕಡೆಯೆಲ್ಲ ಸೊಲ್ಲಾಪುರದ ಚಾದರ ತುಂಬಿಸಿದರು. ಕ್ರೋಮಿಗೆ ಗೀರು ಬೀಳಲಿಲ್ಲ, ಚಾದರಕ್ಕೆ ಸಾಗಣೆ ಬಿಟ್ಟಿ. ಅದರಲ್ಲೊಂದು ನಮ್ಮ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂತು. ಇವತ್ತಿಗೂ ಹೊದ್ದರೆ ಮೆಕ್ಯಾನಿಕ್ ಶೆಡ್ಡಿನ ವಾಸನೆ.

ಆದರೆ ಅವರ ಪ್ರತಿಭೆ ಪೂರ್ತಿ ಅರಳಿದ್ದು ಗೇರ್‌ಬಾಕ್ಸಿನ ವಿಷಯದಲ್ಲಿ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಗಡುವು ಮುಗಿದು 2023ರ ಅಕ್ಟೋಬರಿಗೆ ಅವುಗಳ ಋಣ ತೀರಿತು. ಮುಂಬೈಯವರು ಕಣ್ಣೊರೆಸಿಕೊಳ್ಳುತ್ತಿದ್ದಾಗ ಭಾವನವರು ಕುರ್ಲಾದ ಗುಜರಿಗೆ ಫೋನು ಹಚ್ಚಿದ್ದರು. "ಪದ್ಮಿನಿ ಹುಟ್ಟಿದ ಕಾರ್ಖಾನೇನೂ ಕುರ್ಲಾದಲ್ಲಿ, ಬಿಚ್ಚೋದೂ ಕುರ್ಲಾದಲ್ಲಿ. ತವರಲ್ಲೇ ಮುಕ್ತಿ, ಎಂಥಾ ಪುಣ್ಯ ನೋಡು!" ಗೇರ್‌ಬಾಕ್ಸ್ ಸಿಕ್ಕಿತು. ಮೈಸೂರಿಗೆ ನೇರ ಬುಕ್ ಮಾಡಿದರೆ ಇನ್ನೂರು ರೂಪಾಯಿ ಜಾಸ್ತಿ ಎಂದು ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಬುಕ್ಕಾಯಿತು, ನನ್ನ ಹೆಸರಿಗೆ, ಟು-ಪೇ. ಬಾಡಿಗೆ ಬಿಡಿಸಿಕೊಳ್ಳುವವನ ತಲೆಗೆ.

"ಕಬ್ಬಿಣಕ್ಕೇನು ಅವಸರ ಇಲ್ಲ ಕಣಯ್ಯಾ, ಪುರಸೊತ್ತಾದಾಗ ಬಿಡಿಸ್ಕೋ," ಎಂದರು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಫೋನು: "ಬಿಡಿಸಿದ್ಯಾ? ದಿನ ಹೆಚ್ಚಾದ್ರೆ ಡೆಮರೇಜ್ ಹಾಕ್ತಾರೆ!"

ಗೋಡೌನಿನ ಗುಮಾಸ್ತ ಎಲ್‌ಆರ್, ಅಂದರೆ ಲಾರಿಯ ರಸೀದಿ, ಕೇಳಿದ. ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋ ತೋರಿಸಿದೆ.

"ಒಳಗೇನ್ ಸಾರ್?"

"ಗೇರ್‌ಬಾಕ್ಸು."

"ಯಾವ ಗಾಡೀದು?"

"ಪದ್ಮಿನಿ."

ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಓಡಿಸ್ತಿದೀರಾ ಸಾರ್?" ಎಂದ, ಬಹಳ ಕನಿಕರದಿಂದ.

ಬಾಡಿಗೆಯನ್ನು ಭಾವನವರು ಆಮೇಲೆ ಪೈಸೆ ಬಿಡದೆ ಕೊಟ್ಟರು. ಹಮಾಲಿಗೂ ಆಟೋಗೂ ನಾನು ತೆತ್ತದ್ದು ಮಾತ್ರ ಅವರ ಲೆಕ್ಕದ ಪುಸ್ತಕಕ್ಕೆ ಏರಲೇ ಇಲ್ಲ. ಅಲ್ಲಿ ದಾಖಲಾದದ್ದು 'ಉಳಿತಾಯ 200'. ಕೆಎಸ್‌ಆರ್‌ಟಿಸಿಯವರು 2021ರಲ್ಲಿ 'ನಮ್ಮ ಕಾರ್ಗೋ' ಶುರುಮಾಡಿದ ಮೇಲೆ ಮೈಸೂರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದೇನೂ ಕಷ್ಟವಲ್ಲ. ಹಾಗೆಂದು ಸೂಚಿಸಿದೆ. "ಅಯ್ಯೋ, ಯಾಕೆ? ಭಾನುವಾರ ನೀವು ಹೇಗೂ ಬರ್ತಿದೀರಲ್ಲ," ಎಂದರು. ನಾವು ಬರುತ್ತಿದ್ದೇವೆಂದು ನಮಗೆ ಗೊತ್ತಾದದ್ದು ಆಗಲೇ. ಗೇರ್‌ಬಾಕ್ಸ್ ಡಿಕ್ಕಿಯಲ್ಲಿ, ಬಟ್ಟೆಯ ಬ್ಯಾಗು ಹೆಂಡತಿಯ ಮಡಿಲಲ್ಲಿ, ಹೊರಟೆವು. ಮದ್ದೂರಿನಲ್ಲಿ ವಡೆಗೆ ನಿಂತಾಗಲೂ ಫೋನು ಬಂತು. ನಮ್ಮನ್ನು ವಿಚಾರಿಸಲು ಅಲ್ಲ.

ಗಂಟು ಬಿಚ್ಚಿದಾಗ ನನ್ನ ಸಿಟ್ಟು ಅರ್ಧ ಇಳಿಯಿತೆಂಬುದನ್ನೂ ಹೇಳಬೇಕು. ಕುರ್ಲಾದ ಹುಡುಗನಿಗೆ ಅರೆಬರೆ ಹಿಂದಿಯಲ್ಲಿ, ವಿಡಿಯೋ ಕಾಲಿನಲ್ಲಿ ಅವರೇ ಹೇಳಿ ಕಟ್ಟಿಸಿದ್ದು. ಬಾಣಂತಿಯ ಕೂಸಿಗೆ ಅಜ್ಜಿ ಬಟ್ಟೆ ಸುತ್ತಿದಷ್ಟು ಮುತುವರ್ಜಿ. ಆಯಿಲ್ ಪೂರ್ತಿ ಬಸಿದು ತೂತುಗಳಿಗೆಲ್ಲ ಬಿರಡೆ. ಹೊರಚಾಚಿದ ಶಾಫ್ಟಿಗೆ ಪಿವಿಸಿ ಪೈಪಿನ ತುಂಡು. ಬೋಲ್ಟಿನ ತೂತುಗಳಿಗೇ ಮರದ ಪಟ್ಟಿ ಬಿಗಿದು, ನೆಲಕ್ಕೆ ಕುಕ್ಕಿದರೂ ಪೆಟ್ಟು ಮರಕ್ಕೆ ಬೀಳುವ ಹಾಗೆ ಮಾಡಿ, ಸುತ್ತ ಹಳೇ ಟ್ಯೂಬು ಬಿಗಿದು, ಗೋಣಿತಟ್ಟಿಗೆ ದಬ್ಬಳದಲ್ಲಿ ಹೊಲಿಗೆ. "ರಟ್ಟಿನ ಡಬ್ಬಕ್ಕೆ ಹಾಕಿದ್ರೆ ದಾರೀಲೇ ತಳ ಒಡ್ಕೊಂಡು ಬೀಳುತ್ತೆ. ಒಳಗೆ ಕದಲೋ ಕಬ್ಬಿಣ ತಾನೂ ಮುರಿಯುತ್ತೆ, ಪಕ್ಕದ್ದನ್ನೂ ಮುರಿಯುತ್ತೆ," ಎಂದರು.

ಗೋಣಿಯ ಮೇಲೆ ಹಿಂದಿಯಲ್ಲಿ ದಪ್ಪಕ್ಷರದಲ್ಲಿ ಏನೋ ಬರೆಸಿದ್ದರು. ಓದಿದೆ: ತೂಕ 38 ಕಿಲೋ, ಇಬ್ಬರು ಎತ್ತಿ. ಇದ್ಯಾಕೆ ಎಂದೆ. "ಗಂಟು ಚಿಕ್ಕದು, ಒಬ್ಬನೇ ಎಳೆದುಬಿಡ್ತಾನೆ. ಸೊಂಟ ಹೋದ್ರೆ ನಾನು ತಂದ್ಕೊಡ್ಲಾ?" ಗುಮಾಸ್ತನೊಂದಿಗೆ ಹತ್ತು ರೂಪಾಯಿಗೆ ಅರ್ಧ ಗಂಟೆ ಜಗ್ಗಾಡುವ ಈ ಮನುಷ್ಯ ಹಮಾಲಿಗೆ ಕೇಳಿದ್ದಕ್ಕಿಂತ ಹೆಚ್ಚು ಕೊಡುವುದನ್ನು ಕಂಡಿದ್ದೇನೆ. ಮನೆಬಾಗಿಲಿಗೆ ಬಂದ ಡಬ್ಬದ ಮೇಲೆ 'ಡೆಲಿವರಿ ಫ್ರೀ' ಎಂದಿದ್ದರೆ ನಾನು ಹಿಗ್ಗುತ್ತೇನೆ. ಮೂರನೇ ಮಹಡಿಗೆ ಅದನ್ನು ಹೊತ್ತು ತಂದವನಿಗೆ ನೀರು ಬೇಕೇ ಎಂದು ಕೇಳುವುದು ಎಷ್ಟೋ ಸಲ ಮರೆತುಹೋಗುತ್ತದೆ. ಭಾರದ ವಸ್ತು ಅಗ್ಗದಲ್ಲಿ ಬಂತು ಎಂದರೆ ಅದರ ಬಾಕಿಯನ್ನು ದಾರಿಯಲ್ಲಿ ಯಾರದೋ ಬೆನ್ನು ತೀರಿಸಿದೆ ಎಂದೇ ಲೆಕ್ಕ. ಭಾವನವರಿಗೆ ಇದು ಚೆನ್ನಾಗಿ ಗೊತ್ತು. ಆ ಬೆನ್ನು ಆದಷ್ಟೂ ನೆಂಟರದೇ ಆಗಿರುವಂತೆ ಅವರು ನೋಡಿಕೊಳ್ಳುವುದು ಬಹುಶಃ ಅದಕ್ಕೇ.