ನಿಡೋ ಡಬ್ಬಿಯ ಕಾಲ, ದೇಶ, ಮತ ವಿಚಾರ

ಪೀಠಿಕೆ

ಒಂದು ಕೃತಿಯ ಬಗ್ಗೆ ಕನ್ನಡ ಸಂಶೋಧಕನು ಕೇಳಬೇಕಾದ ಪ್ರಶ್ನೆಗಳು ಮೂರೇ: ಅದರ ಕಾಲ ಯಾವುದು, ದೇಶ ಯಾವುದು, ಕರ್ತೃವಿನ ಮತ ಯಾವುದು. ಕೃತಿ ಚೆನ್ನಾಗಿದೆಯೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ನಾವು ಔದಾರ್ಯದಿಂದ ವಿಮರ್ಶಕರಿಗೆ ಬಿಟ್ಟಿದ್ದೇವೆ.

ಪ್ರಸ್ತುತ ಆಕರವು ಓಲೆಗರಿಯಲ್ಲ, ಶಾಸನವೂ ಅಲ್ಲ. ಸೌದಿಯ ದಮ್ಮಾಮಿನಲ್ಲಿ ನಾಲ್ವರು ಕರಾವಳಿಗರು ಹಂಚಿಕೊಂಡಿರುವ ರೂಮಿನಲ್ಲಿ, ವಿಂಡೋ ಏಸಿಯ ಕೆಳಗೆ ಇಟ್ಟಿರುವ ನಿಡೋ ಹಾಲಿನಪುಡಿಯ ಖಾಲಿ ಡಬ್ಬಿ. ಮುಚ್ಚಳ ಕೊರೆದು ಆರು ನಾಬ್ ಕೂರಿಸಿದೆ. ಒಳಗೆ ಸಿಡಿ40106 ಎಂಬ ಇನ್ವರ್ಟರ್ ಚಿಪ್ಪು, ಎಲ್‌ಎಂ386 ಆಂಪ್ಲಿಫೈಯರ್, ಅಂಗೈಯಗಲದ ಸ್ಪೀಕರು, 9 ವೋಲ್ಟಿನ ಬ್ಯಾಟರಿ. ನಾಬ್ ತಿರುಗಿಸಿದರೆ ಗುಂಯ್, ಕುಂಯ್, ಟರ್ರ್ ಎನ್ನುತ್ತದೆ. ಲೋಕದಲ್ಲಿ ಇಂಥದಕ್ಕೆ ಸಿಂಥಸೈಜರ್ ಎನ್ನುತ್ತಾರೆ. ಕರ್ತೃವು ಕುಂದಾಪುರದ ಕಡೆಯ ಟೆಕ್ನಿಷಿಯನ್. ನೈಟ್ ಡ್ಯೂಟಿ ಮುಗಿಸಿ ಪಕ್ಕದ ಮಂಚದಲ್ಲೇ ಮಲಗಿದ್ದಾರೆ. ಆದರೆ ಕರ್ತೃವನ್ನೇ ಕೇಳಿ ತಿಳಿದದ್ದು ಸಂಶೋಧನೆ ಎನಿಸದಾದ್ದರಿಂದ ಆಂತರಿಕ ಪ್ರಮಾಣಗಳನ್ನಷ್ಟೇ ನಂಬಿದ್ದೇವೆ.

ಕಾಲವಿಚಾರ

ಎಲೆಕ್ಟ್ರಾನಿಕ್ ನಾದಪೆಟ್ಟಿಗೆ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೇ ತಂಬೂರಿಯ ಕೆಲಸವನ್ನು ಸರ್ಕ್ಯೂಟಿಗೆ ಒಪ್ಪಿಸಿದ್ದರು. ಆದರೆ ಆ ಪೆಟ್ಟಿಗೆ ಶ್ರುತಿ ತಪ್ಪುವುದಿಲ್ಲ. ಈ ಡಬ್ಬಿ ಶ್ರುತಿ ಸೇರುವುದಿಲ್ಲ. ಆದ್ದರಿಂದ ಇದು ಅನಂತರದ್ದು. ಇನ್ವರ್ಟರ್ ಚಿಪ್ಪುಗಳನ್ನು ಹೀಗೆ ಹಾಡಿಸುವ ವಿದ್ಯೆಯನ್ನು ನಿಕೋಲಸ್ ಕಾಲಿನ್ಸ್ 2006ರಲ್ಲಿ ‘ಹ್ಯಾಂಡ್‌ಮೇಡ್ ಎಲೆಕ್ಟ್ರಾನಿಕ್ ಮ್ಯೂಸಿಕ್’ ಎಂಬ ಗ್ರಂಥದಲ್ಲಿ ಹೇಳಿದ್ದಾರಾಗಿ, ಪೂರ್ವಾವಧಿ 2006. ಉತ್ತರಾವಧಿಗೆ ಡಬ್ಬಿಯ ತಳದಲ್ಲಿರುವ ಎಕ್ಸ್‌ಪೈರಿ ದಿನಾಂಕವೇ ಪ್ರಮಾಣ.

ಇನ್ನು ಛಂದಸ್ಸು. ಚಿಪ್ಪಿನಲ್ಲಿ ಆರು ಇನ್ವರ್ಟರುಗಳಿವೆ. ಒಂದೊಂದಕ್ಕೂ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಜೋಡಿಸಿದರೆ ಆರೂ ತಮ್ಮ ತಮ್ಮ ಸ್ವರ ಹಿಡಿಯುತ್ತವೆ. ಆರು ಎಂದಮೇಲೆ ಷಟ್ಪದಿಯೇ ಸರಿ. ಮೂರನೆಯದಕ್ಕೂ ಆರನೆಯದಕ್ಕೂ ಮಾತ್ರ ದೊಡ್ಡ ಕೆಪಾಸಿಟರು ಹಾಕಿದೆ. ಅದು ತುಂಬಿ ಬರಿದಾಗಲು ಹೆಚ್ಚು ಹೊತ್ತು ಹಿಡಿಯುವುದರಿಂದ ಅಲೆ ಉದ್ದವಾಗುತ್ತದೆ. ಷಟ್ಪದಿಯಲ್ಲಿ ಉದ್ದವಾಗುವುದೂ ಮೂರು ಮತ್ತು ಆರನೆಯ ಪಾದಗಳೇ. ಅಂಗಡಿಯಲ್ಲಿ ಸಣ್ಣ ಕೆಪಾಸಿಟರು ನಾಲ್ಕೇ ಉಳಿದಿದ್ದವೆಂಬ ರೂಮ್‌ಮೇಟ್ ಒಬ್ಬರ ಮಾತು ಬರೀ ಐತಿಹ್ಯ.

ದೇಶವಿಚಾರ

ಭಾರತದ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ಸೌದಿಯದು 60 ಸಲ. ಟ್ರಾನ್ಸ್‌ಫಾರ್ಮರಿನದಾಗಲಿ ಏಸಿಯದಾಗಲಿ ಗುಂಯ್ ಕೇಳುವುದು ಅದರ ಎರಡರಷ್ಟರಲ್ಲಿ: ಕುಂದಾಪುರದಲ್ಲಿ 100 ಹರ್ಟ್ಸ್, ಹೆಚ್ಚುಕಡಿಮೆ ಹಾರ್ಮೋನಿಯಮ್ಮಿನ ಬಿಳಿ ಐದು, ದಮ್ಮಾಮಿನಲ್ಲಿ 120, ಅಂದರೆ ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಡುವೆ, ಯಕ್ಷಗಾನದ ಯಾವ ಭಾಗವತರೂ ಕಾಲಿಡದ ಜಾಗ. ಎರಡರ ಅನುಪಾತ 6/5. ಕುಂದಾಪುರ ಷಡ್ಜವಾದರೆ ಇದು ಸಾಕ್ಷಾತ್ ಸಾಧಾರಣ ಗಾಂಧಾರ. ಗಲ್ಫಿಗೆ ಹೋದವನು ಮೇಲೆ ಬಂದ ಎಂದು ಊರಿನವರು ಹೇಳುವುದರ ಶಾಸ್ತ್ರೀಯ ಅರ್ಥ ಇಷ್ಟೇ. ವೋಲ್ಟಿಗೊಂದು ಸ್ಥಾಯಿ ಎಂಬ ಮೂಗ್ ಪದ್ಧತಿಯ ಮಾಡ್ಯುಲರ್ ಸಿಂಥಸೈಜರಿನಲ್ಲಿ ಇಷ್ಟು ಮೇಲೇರಲು 0.263 ವೋಲ್ಟ್ ಸಾಕು. ಏಜೆಂಟರ ಕಮಿಷನ್ ಬೇರೆ.

ಇಳಿಯುವುದು ಇನ್ನೂ ಸುಲಭ. ಪಕ್ಕದ ಬಹರೈನಿನ ಕರೆಂಟು 50 ಹರ್ಟ್ಸ್‌ನದು. 1986ರಲ್ಲಿ ತೆರೆದ ಸುಮಾರು 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆ ದಾಟಿದರೆ ಗಾಂಧಾರದಿಂದ ನೇರ ಷಡ್ಜಕ್ಕೆ ಅವರೋಹಣ. ಎರಡು ಶ್ರುತಿಯ ನೆರೆಹೊರೆಯವರು ಕರೆಂಟು ಹಂಚಿಕೊಳ್ಳಲೆಂದು ಹುಟ್ಟಿದ ಕೊಲ್ಲಿ ರಾಷ್ಟ್ರಗಳ ವಿದ್ಯುತ್ ಜಾಲ ಪ್ರಾಧಿಕಾರದ ಮುಖ್ಯ ಕಚೇರಿ ದಮ್ಮಾಮಿನಲ್ಲೇ ಇದೆ. ಅಲ್ ಫಾದಿಲಿಯ ಅದರ ಕೇಂದ್ರದಲ್ಲಿ 600 ಮೆಗಾವ್ಯಾಟಿನ ಮೂರು ಘಟಕಗಳು ಕರೆಂಟನ್ನು ಡಿಸಿ ಮಾಡಿ, ಬೇಕಾದ ಕಂಪನದಲ್ಲಿ ಮತ್ತೆ ಎಸಿ ಮಾಡಿ ಕೊಡುತ್ತವೆ. ಇದಕ್ಕಿಂತ ದೊಡ್ಡ ಮಾಡ್ಯುಲರ್ ಸಿಂಥಸೈಜರ್ ನಮ್ಮ ಗಮನಕ್ಕೆ ಬಂದಿಲ್ಲ. ಅದರಲ್ಲಿ ಕಛೇರಿ ಏರ್ಪಡಿಸುವ ನಮ್ಮ ಮನವಿ ಇನ್ನೂ ಬರೆಯಬೇಕಿದೆ.

ಮತವಿಚಾರ

ನ್ಯೂಯಾರ್ಕಿನ ಕರೆಂಟೂ 60 ಹರ್ಟ್ಸೇ. 1960ರ ದಶಕದಲ್ಲಿ ಅಲ್ಲಿ ಸಂಗೀತ ಸಂಯೋಜಕ ಲಾ ಮಾಂಟೆ ಯಂಗ್ ತಮ್ಮ ಆಮೆಯ ಗಾಜಿನ ತೊಟ್ಟಿಯ ಮೋಟರಿನ ಗುಂಯ್‌ಗೆ ಶ್ರುತಿ ಕೂಡಿಸಿ ಗಂಟೆಗಟ್ಟಲೆ ಒಂದೇ ನಾದ ಹಿಡಿಯುತ್ತಿದ್ದರು. ಮುಂದೆ ಅವರು ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಗಂಗೂಬಾಯಿ ಹಾನಗಲ್ಲರದೂ ಭೀಮಸೇನ ಜೋಶಿಯವರದೂ ಅದೇ ಘರಾನೆ. ಆದ್ದರಿಂದ ದಮ್ಮಾಮಿನ ವಿಂಡೋ ಏಸಿ ಹುಬ್ಬಳ್ಳಿ ಧಾರವಾಡದ ಕಡೆಯ ಬಳಗಕ್ಕೆ ಸೇರಿದ್ದೆಂದು ನಿಸ್ಸಂಶಯವಾಗಿ ಸಿದ್ಧವಾಯಿತು. ವಿಲಂಬಿತದಲ್ಲಿ ಅದಕ್ಕಿರುವ ಒಲವೂ ಇದನ್ನೇ ಸಮರ್ಥಿಸುತ್ತದೆ.

ಆಕ್ಷೇಪ ಮತ್ತು ಪರಿಹಾರ

ಡಬ್ಬಿ ಬ್ಯಾಟರಿಯಲ್ಲಿ ನಡೆಯುವಾಗ ಅದಕ್ಕೆ 60 ಹರ್ಟ್ಸ್ ಎಲ್ಲಿಂದ ಬಂತು? ಆಂಪ್ಲಿಫೈಯರಿನ ಇನ್‌ಪುಟ್ ತಂತಿಗೆ ಬೆರಳು ಮುಟ್ಟಿಸಿ ನೋಡಿ. ಮೈಯೇ ಆಂಟೆನಾ ಆಗಿ, ಗೋಡೆಯೊಳಗಿನ ಕರೆಂಟು ಸ್ಪೀಕರಿನಲ್ಲಿ ಮೊರೆಯುತ್ತದೆ. ಊರಿನಲ್ಲಿ ಅದೇ ಬೆರಳು 50ರಲ್ಲಿ ಮೊರೆಯುತ್ತದೆ. ಪಾಸ್‌ಪೋರ್ಟಿಗಿಂತ ಇದು ನಂಬಿಕೆಯ ಗುರುತು.

ಇನ್ವರ್ಟರ್ ಏಸಿಗಳ ಕಂಪನ ಸೆಕೆಗೆ ತಕ್ಕಂತೆ ಏರಿಳಿಯುತ್ತದಲ್ಲ, ಅದಕ್ಕೆ ಯಾವ ಶ್ರುತಿ? ಅದು ಗಮಕ. ಮುಂದಿನ ಸಂಪುಟದಲ್ಲಿ ವಿವರಿಸಲಾಗುವುದು.

ಉಪಸಂಹಾರ

ಕರ್ತೃವು ಒಂದು ಆಸಿಲೇಟರನ್ನು 120ರ ಹತ್ತಿರಕ್ಕೆ, ಸರಿಯಾಗಿ ಕೂಡದಂತೆ, ತಿರುಗಿಸಿಟ್ಟಿದ್ದಾರೆ. 119ಕ್ಕೆ ನಿಂತಾಗ ಏಸಿಯ ಗುಂಯ್ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಇದು ವಿರಹವೋ, ಜೀವಾತ್ಮ ಪರಮಾತ್ಮರ ಭೇದವೋ ಎಂದು ನಾವು ಗಟ್ಟಿಯಾಗಿ ಚರ್ಚಿಸುತ್ತಿರಲು ಕರ್ತೃವಿಗೆ ಎಚ್ಚರವಾಯಿತು. “ಆ ಏಸಿ ಗುಂಯ್ ಅಂಬುದ್ ತಡ್ಕಂಬುಕ್ ಆತಿಲ್ಲೆ ಮಾರಾಯ್ರೆ, ಅದ್ಕೇ ಇದ್ ಮಾಡ್ದೆ. ಈಗ ನಿಮ್ದೂ ಶುರು ಆಯ್ತಲೆ!” ಎಂದು ಮಗ್ಗುಲಾದರು.

ಹಿಂದಿನ ಯಾವ ಪ್ರಮಾಣಕ್ಕೂ ಹೊಂದದ ಈ ಪಾಠವನ್ನು ಪ್ರಕ್ಷಿಪ್ತವೆಂದು ಬಿಡಲಾಗಿದೆ.